ಕಿಟಕಿ ಪಕ್ಕದ ಬಾಟ್ಲಿ

14 ನವೆಂಬರ್ 2024, ಗುರುವಾರ, ಬೆಂಗಳೂರು, ರಾತ್ರಿ ಹನ್ನೊಂದೂವರೆ

ಇವತ್ತು ಇಡೀ ದಿನ ಲೇಸರ್‌ಗೆ ಬೈದಿದ್ದೇ ಆಯ್ತು, ಪಾಪ ಅದರದ್ದೇನೂ ತಪ್ಪಿರ್ಲಿಲ್ಲ.

ನನ್ನ ಸ್ಯಾಂಪಲ್ ಅಜೋಬೆಂಜೀನ್, ಕಿತ್ತಳೆ ಬಣ್ಣದ್ದು, ಹೆಕ್ಸೇನ್ ಅನ್ನೋ ದ್ರಾವಕದಲ್ಲಿ ಕರಗಿಸ್ಕೊಂಡು ಕೂರೋದು. ಎರಡು ಬೆಂಜೀನ್ ಉಂಗುರ, ನಡುವೆ ಎರಡು ನೈಟ್ರೋಜನ್, ಅಷ್ಟೇ. ಸುಮ್ನಿದ್ದಾಗ ಕೈಕಾಲು ಚಾಚಿ ಮಲಗಿದ ಹಾಗೆ ನೀಟಾಗಿರತ್ತೆ, ಅದು ಟ್ರಾನ್ಸ್. ಬೆಳಕು ಬಿದ್ರೆ ಮೇಲಿನ ಎಲೆಕ್ಟ್ರಾನಿಕ್ ಸ್ಟೇಟ್‌ಗೆ, ಅಂದ್ರೆ ಹೆಚ್ಚು ಶಕ್ತಿಯ ಮೆಟ್ಟಿಲಿಗೆ, ಹಾರತ್ತೆ, ಅಲ್ಲಿಂದ ಇಳಿಯೋವಾಗ ಕೆಲವು ಮಡಚ್ಕೊಂಡು ಸಿಸ್ ಆಗ್ತವೆ, ಉಳಿದವು ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ ಟ್ರಾನ್ಸೇ. ಇಷ್ಟೂ ಕೆಲವೇ ಪಿಕೋಸೆಕೆಂಡಲ್ಲಿ ಮುಗಿದೋಗತ್ತೆ, ಅಂದ್ರೆ ಸೆಕೆಂಡನ್ನ ಲಕ್ಷ ಕೋಟಿ ಚೂರು ಮಾಡಿ ಅದರಲ್ಲಿ ಎರಡೋ ಮೂರೋ.

ಅದನ್ನ ಅಳೆಯೋದು ಹೆಂಗೆ ಅಂತ ಅಮ್ಮ ಒಂದ್ಸಲ ಕೇಳಿದ್ರು. ಗಡಿಯಾರ ಇಲ್ಲಮ್ಮ, ಸ್ಕೇಲು ಅಂದೆ. ಲೇಸರ್‌ನ ಮೊದಲ ಪಲ್ಸ್, ಅಂದ್ರೆ ಕ್ಷಣದ ಬೆಳಕಿನ ಮಿಂಚು, 400 ನ್ಯಾನೋಮೀಟರ್ ತರಂಗಾಂತರದ್ದು, ಮಾಲಿಕ್ಯೂಲನ್ನ ಎಬ್ಬಿಸತ್ತೆ, ಎರಡನೇದು ಈಗ ಏನ್ಮಾಡ್ತಿದೀಯ ಅಂತ ನೋಡ್ಕೊಂಡು ಬರತ್ತೆ. ಎರಡನೇದರ ದಾರೀಲಿರೋ ಕನ್ನಡಿನ 0.15 ಮಿಲಿಮೀಟರ್ ಹಿಂದೆ ಸರಿಸಿದ್ರೆ ಬೆಳಕು ಹೋಗಿ ಬರೋದಕ್ಕೆ ಒಂದು ಪಿಕೋಸೆಕೆಂಡ್ ತಡ. ಹಂಗೇ ಸರಿಸ್ತಾ ಸರಿಸ್ತಾ ಹೋಗೋದು.

ಬೆಳಿಗ್ಗೆ ಡೇಟಾ ಚೆನ್ನಾಗೇ ಬಂತು. ಊಟ ಮಾಡ್ಕೊಂಡ್ ಬಂದು ಅದೇ ಬಾಟ್ಲಿಯಿಂದ ಹೊಸದಾಗಿ ಹಾಕಿದ್ರೆ ಸಿಗ್ನಲ್ ದುಡುಂ ಅಂತ ಬೇಗ ಬಿದ್ದೋಗ್ತಿದೆ. ಅಲೈನ್‌ಮೆಂಟ್ ಕೆಟ್ಟಿದೆ ಅನ್ಕೊಂಡು ಕನ್ನಡಿ ತಿರುಗಿಸಿದೆ, ಕ್ರಿಸ್ಟಲ್ ತಿರುಗಿಸಿದೆ, ಬೆಳಕನ್ನ ಕತ್ತರಿಸೋ ಚಕ್ರ ಚಾಪರ್ ನೋಡಿದೆ, ಸಂಜೆ ಐದಾಯ್ತು, ಊಹೂಂ. ಆಗ ಸೀನಿಯರ್ ಅಕ್ಕ ಟೀ ಕಪ್ ಹಿಡ್ಕೊಂಡು ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದ್ರು, "ಬಾಟ್ಲಿ ಎಲ್ಲಿಟ್ಟಿದ್ಯೇ?"

ಕಿಟಕಿ ಪಕ್ಕ. ಬಿಸಿಲಲ್ಲಿ.

ಯಾವ ಬೆಳಕನ್ನ ಎಷ್ಟು ಹೀರತ್ತೆ ಅಂತ ತೋರಿಸೋ ಮಾಮೂಲಿ ಯುವಿ ಮಷೀನಲ್ಲಿ ಹಾಕಿ ನೋಡಿದ್ರೆ 320 ನ್ಯಾನೋಮೀಟರ್ ಹತ್ರ ಇರ್ಬೇಕಾದ ಟ್ರಾನ್ಸ್‌ನ ದೊಡ್ಡ ಗುಡ್ಡ ಕರಗಿದೆ, 430ರ ಕಡೆ ಸಣ್ಣದು ಎದ್ದಿದೆ. ಸಿಸ್ ಬೆರಕೆ ಆಗಿದೆ, ಸಿಸ್ ಟ್ರಾನ್ಸ್‌ಗಿಂತ ಬೇಗ ಕೆಳಗಿಳಿಯತ್ತೆ, ಅದಕ್ಕೇ ಆ ದುಡುಂ. ಮಜಾ ಅಂದ್ರೆ 1937ರಲ್ಲಿ ಹಾರ್ಟ್ಲಿ ಅನ್ನೋ ರಸಾಯನವಿಜ್ಞಾನಿಗೂ ಹಿಂಗೇ ಆಗಿತ್ತು, ಬೆಳಕಿಗೆ ಬಿದ್ದ ದ್ರಾವಣದ ಅಳತೆ ಒಂದಕ್ಕೊಂದು ತಾಳೆ ಆಗ್ತಿರ್ಲಿಲ್ಲ, ಯಾಕೆ ಅಂತ ಹುಡುಕಿ ಸಿಸ್ ಕಂಡುಹಿಡಿದ್ರು. ನಾನು ಕನ್ನಡಿ ತಿರುಗಿಸ್ತಾ ಕೂತೆ.

ಇದೆಲ್ಲ ಯಾಕೆ ಅಂದ್ರೆ ಈ ಮಾಲಿಕ್ಯೂಲ್‌ದು ಒಂದು ವಿಚಿತ್ರ ಇದೆ. ಹೆಚ್ಚು ಶಕ್ತಿ ಇರೋ ಯುವಿ ಕೊಟ್ಟು ಎರಡನೇ ಮೆಟ್ಟಿಲಿಗೆ ಹತ್ತಿಸಿದ್ರೆ ನೂರರಲ್ಲಿ ಸುಮಾರು 11 ಮಾತ್ರ ಸಿಸ್ ಆಗೋದು, ಕಮ್ಮಿ ಶಕ್ತಿಯ ನೀಲಿ ಬೆಳಕಲ್ಲಿ ಮೊದಲ ಮೆಟ್ಟಿಲಿಗೆ ಹತ್ತಿಸಿದ್ರೆ ಸುಮಾರು 25. ಜಾಸ್ತಿ ಕೊಟ್ರೆ ಕಮ್ಮಿ ಕೆಲಸ! ಮೇಲಿಂದ ಬರೋವು ತಿರುಗೋ ಮೊದ್ಲೇ ಯಾವುದೋ ಅಡ್ಡದಾರಿ ಹಿಡಿದು ನೆಲಕ್ಕೆ ಬೀಳ್ತವೆ ಅಂತ ಒಂದು ವಾದ, ನಂಗೆ ಆ ಅಡ್ಡದಾರಿ ನೋಡ್ಬೇಕು.

ಬಾಟ್ಲಿಗೆ ಮಧ್ಯಾಹ್ನದ ಚಪಾತಿ ಸುತ್ತಿದ್ದ ಫಾಯಿಲ್ ಒರೆಸಿ ಸುತ್ತಿ ಬೀರುಗೆ ಹಾಕಿದೀನಿ. ಸಿಸ್ ಆಗೋಕೆ ಪಿಕೋಸೆಕೆಂಡ್ ಸಾಕಾಗಿದ್ದು ಕತ್ತಲಲ್ಲಿ ತಾನಾಗೇ ವಾಪಸ್ ಟ್ರಾನ್ಸ್ ಆಗೋಕೆ ದಿನಗಟ್ಟಲೆ ತಗೊಳ್ಳತ್ತೆ, ಅಷ್ಟು ಕಾಯೋರ್ಯಾರು, ನಾಳೆ ಬೇರೆ ಪುಡಿ ತೂಗ್ತೀನಿ.