ಟೆಲಿಕಾಸ್ಟರ್ ಹುಟ್ಟಿದ ಊರಿನಲ್ಲಿ ಒಬ್ಬರೇ ನಡೆಸುವ ಕಾರ್ಯಾಗಾರ

ಲಾಸ್ ಏಂಜಲೀಸ್‌ನ ಯೂನಿಯನ್ ಸ್ಟೇಷನ್ನಿನಿಂದ ಫುಲ್ಲರ್ಟನ್‌ಗೆ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಹಿಡಿಯುವುದಿಲ್ಲ. ಆಮ್‌ಟ್ರ್ಯಾಕ್‌ನ ಪೆಸಿಫಿಕ್ ಸರ್ಫ್‌ಲೈನರ್ ನಿಲ್ಲುತ್ತದೆ, ಮೆಟ್ರೋಲಿಂಕ್ ಗಾಡಿಗಳೂ ನಿಲ್ಲುತ್ತವೆ. ಪ್ರವಾಸಿಗಳು ಡಿಸ್ನಿಲ್ಯಾಂಡ್ ನೋಡಲು ಮುಂದಿನ ಅನಹೈಮ್‌ಗೆ ಹೋಗುತ್ತಾರೆ. ಎಲೆಕ್ಟ್ರಿಕ್ ಗಿಟಾರಿನ ಗೀಳು ಹತ್ತಿದವರು ಇಳಿಯಬೇಕಾದದ್ದು ಇಲ್ಲಿ. ನಿಲ್ದಾಣದ ಪಕ್ಕದಲ್ಲೇ ಸಾಂಟಾ ಫೆ ಮತ್ತು ಪೊಮೋನಾ ರಸ್ತೆಗಳು ಕೂಡುತ್ತವೆ. ಟೆಲಿಕಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರು ತಯಾರಿಸಿದ ಫೆಂಡರ್ ಕಂಪನಿಯ ಆರಂಭದ ಶೆಡ್ಡುಗಳಿದ್ದದ್ದು ಈ ಮೂಲೆಯಲ್ಲಿ. ಅವುಗಳಲ್ಲಿ ಶೌಚಾಲಯವೇ ಇರಲಿಲ್ಲವಾದ್ದರಿಂದ ಕೆಲಸಗಾರರು ಅದಕ್ಕೂ ರೈಲು ನಿಲ್ದಾಣಕ್ಕೇ ಬರುತ್ತಿದ್ದರಂತೆ. ಈಗ ಆ ಕಟ್ಟಡಗಳಿಲ್ಲ.

ಅಲ್ಲಿಂದ ಹಾರ್ಬರ್ ಬುಲೆವಾರ್ಡ್‌ಗೆ ನಡೆದೇ ಹೋಗಬಹುದು. ಲಿಯೋ ಫೆಂಡರ್ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದದ್ದು ಈ ಊರಿನಲ್ಲಿ. ಪೊಮೋನಾ ರಸ್ತೆಯಲ್ಲೇ ಉತ್ತರಕ್ಕೆ ಹೋದರೆ ಫುಲ್ಲರ್ಟನ್ ಮ್ಯೂಸಿಯಂ ಸೆಂಟರ್. ಅದರೊಳಗೆ ಫೆಂಡರ್ ಹೆಸರಿನ ಗ್ಯಾಲರಿ ಇದೆ. ವಾರದ ಎಲ್ಲ ದಿನವೂ ತೆರೆದಿರುವುದಿಲ್ಲ, ವೇಳೆ ನೋಡಿಕೊಂಡೇ ಹೊರಡಿ. ಕಾರ್ಖಾನೆ 1953ರಲ್ಲಿ ರೇಮಂಡ್ ರಸ್ತೆಗೆ ಹೋಯಿತು. 1965ರ ಜನವರಿಯಲ್ಲಿ ಸಿಬಿಎಸ್ ಕಂಪನಿ 1.3 ಕೋಟಿ ಡಾಲರಿಗೆ ಎಲ್ಲವನ್ನೂ ಕೊಂಡಿತು. ಇಂದಿನ ಫೆಂಡರ್ ಕಾರ್ಖಾನೆ ಇರುವುದು ಇನ್ನೂ ಒಳನಾಡಿನ ಕೊರೋನಾದಲ್ಲಿ.

ರೇಡಿಯೋ ಅಂಗಡಿ ಮುಖ್ಯ ಯಾಕೆಂದರೆ, 1950ರಲ್ಲಿ ಬ್ರಾಡ್‌ಕಾಸ್ಟರ್ ಎಂದು ಹೊರಬಂದು, ಗ್ರೆಚ್ ಕಂಪನಿಯ ಡ್ರಮ್ಮಿನ ಹೆಸರಿನ ತಕರಾರಿನಿಂದ 1951ರಲ್ಲಿ ಟೆಲಿಕಾಸ್ಟರ್ ಆದ ಗಿಟಾರು ರಿಪೇರಿಯವನ ತಲೆಯಿಂದ ಬಂದ ವಸ್ತು. ಬಾಡಿ ಎಂದರೆ ಚಪ್ಪಟೆ ಹಲಗೆ. ನೆಕ್ಕನ್ನು, ಅಂದರೆ ಬೆರಳಿಡುವ ಉದ್ದನೆಯ ಕತ್ತನ್ನು, ಅಂಟಿಸುವುದಿಲ್ಲ, ನಾಲ್ಕು ಸ್ಕ್ರೂಗಳಲ್ಲಿ ಬಿಗಿಯುತ್ತಾರೆ. ತಂತಿಯ ಬಿರಡೆಗಳಿರುವ ತುದಿ, ಅಂದರೆ ಹೆಡ್‌ಸ್ಟಾಕ್, ಹಿಂದಕ್ಕೆ ಬಾಗಿಲ್ಲ, ಆದ್ದರಿಂದ ಒಂದಂಗುಲ ದಪ್ಪದ ಮೇಪಲ್ ಪಟ್ಟಿಯಲ್ಲೇ ಇಡೀ ನೆಕ್ ಹುಟ್ಟುತ್ತದೆ. ಕೆಟ್ಟದ್ದನ್ನು ಬಿಚ್ಚಿ ಹೊಸದು ಹಾಕು ಎನ್ನುವ ಈ ಲೆಕ್ಕಾಚಾರ ಹುಟ್ಟಿದ್ದು ಕಾರ್ಖಾನೆಯ ವೇಗಕ್ಕಾಗಿ. ಆದರೆ ಅದರ ಪೂರಾ ಲಾಭ ಇಂದು ಸಿಗುತ್ತಿರುವುದು ಒಬ್ಬರೇ ಕೂತು ಹಳೆಯ ಮಾದರಿಯ ಗಿಟಾರು ಕಟ್ಟುವವರಿಗೆ. ಕಮಾನಿನಂತೆ ಕಡೆದ ಮೇಲ್ಮೈ, ಅಂಟಿಸಿದ ನೆಕ್, ಹದಿನೇಳು ಡಿಗ್ರಿ ಬಾಗಿದ ಹೆಡ್‌ಸ್ಟಾಕ್ ಇರುವ ಗಿಬ್ಸನ್ ಕಂಪನಿಯ 1950ರ ದಶಕದ ಲೆಸ್ ಪಾಲ್ ಗಿಟಾರಿನಲ್ಲಿ ಒಂದು ಕಡೆ ತಪ್ಪಿದರೆ ಎಲ್ಲವೂ ಕೆಟ್ಟಂತೆ. ಇಲ್ಲಿ ಕೆಟ್ಟ ಭಾಗ ಮಾತ್ರ ಮೂಲೆಗೆ ಹೋಗುತ್ತದೆ.

ಆರೆಂಜ್ ಕೌಂಟಿ ಎಂಬ ಈ ಜಿಲ್ಲೆಯ ಕೈಗಾರಿಕಾ ಶೆಡ್ಡುಗಳ ಸಾಲಿನಲ್ಲಿ ಅಂಥ ಕಾರ್ಯಾಗಾರ ಸಿಗುತ್ತದೆ. ನಾವು ನೋಡಿದ್ದು ಎರಡು ಕಾರು ನಿಲ್ಲುವಷ್ಟು ಜಾಗ: ಒಂದು ಬ್ಯಾಂಡ್‌ಸಾ (ಪಟ್ಟಿಗರಗಸ), ಒಂದು ಡ್ರಿಲ್ ಪ್ರೆಸ್, ಮರದ ಅಂಚು ಕಡೆಯುವ ರೂಟರ್ ಮೇಜು, ಧೂಳೆಳೆಯುವ ಯಂತ್ರ, ಗೋಡೆಯ ತುಂಬ ಟೆಂಪ್ಲೇಟುಗಳು, ಕಣ್ಣಿನ ಮಟ್ಟಕ್ಕೆ ತೂಗುಹಾಕಿದ ತೇವಮಾಪಕ. ಹಳೆಯ ಕಾರ್ಖಾನೆಯಲ್ಲಿ ನೆಕ್ ರೂಪಿಸಲು ಟಾಡಿಯೋ ಗೋಮೆಜ್ ಇದ್ದರು, ಅವರ 'ಟಿಜಿ' ಸಹಿಯ ನೆಕ್ಕುಗಳಿಗೆ ಇಂದಿಗೂ ಬೇಡಿಕೆ. 1956ರಲ್ಲಿ ಸೇರಿದ ಅಬಿಗೇಲ್ ಇಬಾರಾ ಪಿಕಪ್, ಅಂದರೆ ಗಿಟಾರಿನ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸುರುಳಿ, ಸುತ್ತುತ್ತಿದ್ದರು. ಇಲ್ಲಿ ಎರಡೂ ಒಬ್ಬರದೇ ಕೈ.

ಗಿಟಾರಿನ ಬಾಡಿಗೆ ಮೊದಲ ವರ್ಷಗಳಲ್ಲಿ ಬಳಸಿದ್ದು ಆಶ್ ಮರ. 1956ರ ಸುಮಾರಿಗೆ ಬಹುತೇಕ ಬಣ್ಣಗಳಿಗೆ ಆಲ್ಡರ್ ಬಂತು. ಹಗುರವಾದ ಸ್ವಾಂಪ್ ಆಶ್ ಮಿಸಿಸಿಪಿ ನದಿಯ ಕೆಳಪಾತ್ರದ ಜೌಗು ನೆಲದ್ದು. 2002ರಲ್ಲಿ ಮಿಶಿಗನ್‌ನಲ್ಲಿ ಪತ್ತೆಯಾದ ಹಸಿರು ಕೊರಕ ಹುಳ ಮತ್ತು ನದಿಯ ನೆರೆಗಳಿಂದಾಗಿ ಈ ಮರ ದುರ್ಲಭವಾಗಿ, 2020ರಲ್ಲಿ ಫೆಂಡರ್ ಕಂಪನಿಯೇ ತನ್ನ ಸಾಮಾನ್ಯ ಮಾದರಿಗಳಲ್ಲಿ ಆಶ್ ಕೈಬಿಡುವುದಾಗಿ ಹೇಳಿತು. ಒಬ್ಬರ ಕಾರ್ಯಾಗಾರಕ್ಕೆ ವರ್ಷಕ್ಕೆ ಬೇಕಾಗುವುದು ಕೆಲವೇ ಹಲಗೆ, ಅದರಿಂದ ಹೇಗೋ ನಡೆಯುತ್ತದೆ. ತೇವಾಂಶ ಶೇ 6ರಿಂದ 8ಕ್ಕೆ ಇಳಿದ ಹಲಗೆಯನ್ನು 44.5 ಮಿ.ಮೀ. ದಪ್ಪಕ್ಕೆ ಕೀಸಿ, ಬ್ಯಾಂಡ್‌ಸಾದಲ್ಲಿ ಗೆರೆಯಿಂದ 2 ಮಿ.ಮೀ. ಹೊರಗೆ ಕೊಯ್ದು, ಉಳಿದದ್ದನ್ನು ಬೇರಿಂಗ್ ಇರುವ ರೂಟರ್ ಬಿಟ್‌ನಿಂದ ಟೆಂಪ್ಲೇಟಿಗೆ ತಕ್ಕಂತೆ ತೆಗೆಯಬೇಕು. ಒಂದು ಸಲಕ್ಕೆ 5-6 ಮಿ.ಮೀ. ಆಳಕ್ಕಿಂತ ಹೆಚ್ಚು ಬೇಡ. ಬಾಡಿಯ ಕೊಂಬಿನಂಥ ಚಾಚಿನ ತುದಿಯಲ್ಲಿ ಮರದ ಎಳೆ ಅಡ್ಡ ತಿರುಗುತ್ತದೆ. ಬಿಟ್ ಅಲ್ಲಿ ಎಳೆಯನ್ನು ಕೊಯ್ಯುವ ಬದಲು ಸೀಳುತ್ತದೆ. ಆಶ್‌ನ ಮೆತ್ತನೆಯ ಮತ್ತು ಗಟ್ಟಿ ಪದರಗಳು ಬೇರೆಬೇರೆಯಾಗಿರುವುದರಿಂದ ಚಕ್ಕೆ ಬೆರಳುದ್ದವೂ ಹಾರಬಹುದು. ಹಾರಿದ ಚಕ್ಕೆಯನ್ನು ಧೂಳಿನಲ್ಲಿ ಹುಡುಕಿ ಕೂಡಲೇ ಅಂಟಿಸಿದರೆ ಬಣ್ಣದ ಕೆಳಗೆ ಗುರುತೂ ಸಿಗದು.

ನೆಕ್ ಕೂರುವ ಗುಳಿಯದ್ದು ಬೇರೆಯೇ ವಿಷಯ. ಇಡೀ ಗಿಟಾರಿನಲ್ಲಿ ರಿಯಾಯಿತಿ ಇಲ್ಲದ ಜಾಗ ಇದೊಂದೇ. ಅಗಲ 55.6 ಮಿ.ಮೀ., ಆಳ 15.9 ಮಿ.ಮೀ. ನೆಕ್ಕಿನ ಬುಡ 25.4 ಮಿ.ಮೀ. ದಪ್ಪ, ಹಾಗಾಗಿ ಬಾಡಿಯ ಮೇಲೆ 9.5 ಮಿ.ಮೀ. ಎದ್ದಿರಬೇಕು. ಗುಳಿ ಆಳವಾದಷ್ಟೂ ನೆಕ್ ಕುಸಿದು ಬ್ರಿಜ್‌ನ ಸ್ಯಾಡಲ್‌ಗಳನ್ನು (ಬಾಡಿಯ ಮೇಲೆ ತಂತಿ ಕೂರುವ ಲೋಹದ ಆಸರೆಗಳನ್ನು) ಪೂರ್ತಿ ತಗ್ಗಿಸಿದರೂ ತಂತಿ ಎತ್ತರದಲ್ಲೇ ನಿಲ್ಲುತ್ತದೆ. ಆಳ ಸಾಲದಿದ್ದರೆ ಸ್ಯಾಡಲ್‌ಗಳನ್ನು ಸ್ಕ್ರೂ ತುದಿಯವರೆಗೂ ಎತ್ತಬೇಕಾಗುತ್ತದೆ. ಬುಡದ ಕೋನ ಸರಿಯಾಗದಿದ್ದಾಗ ಹಳೆಯ ಕಾರ್ಖಾನೆಯಲ್ಲೂ ತೆಳುವಾದ ತುಂಡೊಂದನ್ನು ಗುಳಿಯೊಳಗೆ ಇಟ್ಟು ಕಳಿಸಿದ್ದುಂಟು, ಅದೇನೂ ಅವಮಾನವಲ್ಲ. ಪಕ್ಕದ ಬಿಗಿ ಎಷ್ಟಿರಬೇಕೆಂದರೆ, ಸ್ಕ್ರೂ ಇಲ್ಲದೆ ನೆಕ್ ಹಿಡಿದು ಎತ್ತಿದಾಗ ಬಾಡಿ ಜೋತು ಬರಬೇಕು. ಆದರೆ ಬಣ್ಣ ಹಚ್ಚುವ ಮುಂಚೆಯೇ ಅಷ್ಟು ಬಿಗಿ ಇದ್ದರೆ ಕೇಡು: ಗುಳಿಯ ಗೋಡೆಗಳ ಮೇಲೆ ಲ್ಯಾಕರ್ (ಮೆರುಗಿನ ಲೇಪ) ಕೂತ ಮೇಲೆ ನೆಕ್ಕನ್ನು ಒತ್ತಿ ಇಳಿಸಿದಾಗ ಗುಳಿಯ ಮೂಲೆಯಿಂದ ಕೂದಲೆಳೆಯ ಬಿರುಕು ಹೊರಡುತ್ತದೆ. ಕಚ್ಚಾ ಮರದಲ್ಲಿ ಕಾಗದದಷ್ಟು ಸಡಿಲ ಬಿಡುವುದು ಜಾಣತನ. ಬಾಡಿಯಲ್ಲಿನ ಸ್ಕ್ರೂ ತೂತುಗಳು ಸ್ಕ್ರೂವಿಗಿಂತ ತುಸು ದೊಡ್ಡವಿರಲಿ. ಸ್ಕ್ರೂವಿನ ಎಳೆ ಕಚ್ಚಬೇಕಾದದ್ದು ನೆಕ್ಕಿನ ಮೇಪಲ್ಲಿಗೆ ಮಾತ್ರ. ಬಾಡಿಯಲ್ಲೂ ಕಚ್ಚಿಕೊಂಡರೆ ಎಷ್ಟು ಬಿಗಿದರೂ ಎರಡು ಮರಗಳ ನಡುವೆ ಸಂದು ಉಳಿಯುತ್ತದೆ.

ನೆಕ್ಕಿನ ಒಳಗಿನ ಉಕ್ಕಿನ ಸರಳು 4.8 ಮಿ.ಮೀ. ದಪ್ಪ. 1950ರ ದಶಕದ ಒಂಟಿ ಮೇಪಲ್ ನೆಕ್ಕಿನಲ್ಲಿ ಅದನ್ನು ಹಿಂಬದಿಯಿಂದ ಇಳಿಸಿ ಮೇಲೆ ಆಕ್ರೋಡಿನ ಪಟ್ಟಿ ಅಂಟಿಸುತ್ತಿದ್ದರು. ಹಿಂದೆ ಕಾಣುವ ಕಂದು ಗೆರೆ ಅದೇ. ಕಾಲುವೆ ನೇರವಲ್ಲ, ನಡುವೆ ಬೆನ್ನಿನ ಕಡೆಗೆ ಬಾಗಿದೆ. ಬಿಗಿದಾಗ ಸರಳು ನೆಟ್ಟಗಾಗಲು ಹೋಗಿ ತಂತಿಗಳ ಎಳೆತಕ್ಕೆ ಎದುರು ನಿಲ್ಲುತ್ತದೆ. ಅಂಟು ಸರಳಿಗೆ ತಾಗಿದರೆ ಅದು ಮರದೊಳಗೆ ಸೆರೆಯಾಗಿ ಮುಂದೆಂದೂ ತಿರುಗುವುದಿಲ್ಲ, ಆದ್ದರಿಂದ ಮೊದಲೇ ಮೇಣ ಸವರುತ್ತಾರೆ.

ಫ್ರೆಟ್ಟಿನ, ಅಂದರೆ ಬೆರಳಹಲಗೆಯ ಲೋಹದ ಮೆಟ್ಟಿನ, ಲೆಕ್ಕ ಸುಲಭ: ತಂತಿಯ ಮಿಡಿಯುವ ಉದ್ದವಾದ 648 ಮಿ.ಮೀ.ಯನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ 36.37 ಮಿ.ಮೀ.ಗೆ, ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸುತ್ತ ಹೋಗುವುದು. ಹನ್ನೆರಡನೆಯದು 324ಕ್ಕೆ ಬರದಿದ್ದರೆ ಎಲ್ಲೋ ತಪ್ಪಿದೆ. ಪ್ರತಿ ಫ್ರೆಟ್ಟನ್ನೂ ನಟ್‌ನಿಂದಲೇ (ಹೆಡ್‌ಸ್ಟಾಕ್ ಬಳಿ ತಂತಿಗಳು ಕೂರುವ ಪಟ್ಟಿಯಿಂದ) ಅಳೆಯಬೇಕು, ಹಿಂದಿನ ಫ್ರೆಟ್ಟಿನಿಂದ ಅಳೆದರೆ ಕೂದಲಷ್ಟು ತಪ್ಪೂ ಇಪ್ಪತ್ತೊಂದು ಸಲ ಕೂಡಿಕೊಳ್ಳುತ್ತದೆ. ವೀಣೆಯ ಮೆಟ್ಟುಗಳನ್ನು ಮೇಣದಲ್ಲಿ ಕೂರಿಸಿ ಆಮೇಲೂ ಶ್ರುತಿಗೆ ಸರಿಸಬಹುದು, ಇಲ್ಲಿ ಗರಗಸ ಇಳಿದ ಮೇಲೆ ಮುಗಿಯಿತು. ಬೆರಳಹಲಗೆಯ ಉಬ್ಬು 184 ಮಿ.ಮೀ. ತ್ರಿಜ್ಯದ್ದು. ಹಳೆಯ ಫೆಂಡರ್ ನೆಕ್ ರಿಪೇರಿಗೆ ಬಂದರೆ ಒಂದು ಎಚ್ಚರ: ಆ ಕಾಲದ ಫ್ರೆಟ್ಟುಗಳನ್ನು ಮೇಲಿಂದ ಹೊಡೆಯದೆ ಪಕ್ಕದಿಂದ ತೂರಿಸಿದ್ದಾರೆ. ಇಕ್ಕಳದಿಂದ ಮೇಲಕ್ಕೆ ಕಿತ್ತರೆ ಮೇಪಲ್ ಚಕ್ಕೆಚಕ್ಕೆಯಾಗಿ ಏಳುತ್ತದೆ, ಬಂದ ದಾರಿಯಲ್ಲೇ ಪಕ್ಕಕ್ಕೆ ತಳ್ಳಿ ತೆಗೆಯಬೇಕು.

ಪಿಕಪ್ ಸುತ್ತುವ ಮೇಜು ಕಿಟಕಿಯ ಪಕ್ಕದಲ್ಲಿದೆ, ಬೆಳಕಿಲ್ಲದೆ ಆ ತಂತಿ ಕಣ್ಣಿಗೇ ಕಾಣದು. ಬ್ರಿಜ್ ಪಿಕಪ್ಪಿಗೆ 42 ಗೇಜಿನ ತಂತಿ, ತಾಮ್ರ ಸುಮಾರು 0.063 ಮಿ.ಮೀ. ದಪ್ಪ, ನೆಕ್ ಪಿಕಪ್ಪಿಗೆ ಇನ್ನೂ ತೆಳುವಾದ 43. ಎರಡು ಫೈಬರ್ ತಟ್ಟೆಗಳ ನಡುವೆ ಆರು ಆಲ್ನಿಕೋ ಅಯಸ್ಕಾಂತದ ಕಡ್ಡಿಗಳನ್ನು ಒತ್ತಿ ಕೂರಿಸಿ, ಇಡೀ ಚೌಕಟ್ಟನ್ನು ಲ್ಯಾಕರಿನಲ್ಲಿ ಅದ್ದುತ್ತಾರೆ. ಈ ಹೆಜ್ಜೆ ಹಾರಿಸಿದರೆ ತಂತಿ ನೇರ ಅಯಸ್ಕಾಂತಕ್ಕೆ ತಾಗಿ, ತುಕ್ಕು ಹಿಡಿದು, ವರ್ಷಗಳ ಮೇಲೆ ಪಿಕಪ್ ಸದ್ದಿಲ್ಲದೆ ಸಾಯುತ್ತದೆ. ಸುತ್ತು ಸುಮಾರು ಎಂಟು ಸಾವಿರ. ತಂತಿಯನ್ನು ಬೆರಳ ನಡುವೆ ಹಿಡಿದೇ ಅತ್ತಿತ್ತ ಸಾಗಿಸುವುದರಿಂದ ಪದರಗಳು ಯಂತ್ರದ ಸುರುಳಿಯಷ್ಟು ಒತ್ತಾಗಿ ಕೂರುವುದಿಲ್ಲ. ಬಿಗಿ ಹೆಚ್ಚಾದರೆ ತಂತಿ ತುಂಡಾಗುತ್ತದೆ, ತುಂಡಾಗದಿದ್ದರೂ ಹಿಗ್ಗಿ ತೆಳುವಾಗಿ ಓಮ್ (ವಿದ್ಯುತ್ತಿನ ತಡೆ) ಏರುತ್ತದೆ. ಬಿಗಿ ಕಡಿಮೆಯಾದರೆ ಸುರುಳಿ ಸಡಿಲವಾಗಿ ಆಂಪ್ಲಿಫೈಯರಿನ ಮುಂದೆ ಕಿರುಚುತ್ತದೆ. ಓಮ್ ಮೀಟರ್ 7 ಸಾವಿರದ ಆಸುಪಾಸು ತೋರಿಸಿದರೆ ಸರಿ, ಆದರೆ ಆ ಅಂಕಿಗೆ ಜೋತುಬೀಳುವವರು ತಾಮ್ರದ ಗುಣ ಮರೆಯುತ್ತಾರೆ: ಉಷ್ಣತೆ 10 ಡಿಗ್ರಿ ಏರಿದರೆ ಓದು ಶೇ 4ರಷ್ಟು ತಾನಾಗಿ ಏರುತ್ತದೆ. ಬೆಳಿಗ್ಗೆ ಅಳೆದದ್ದನ್ನು ಮಧ್ಯಾಹ್ನ ಅಳೆದದ್ದಕ್ಕೆ ಹೋಲಿಸಿ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಆಮೇಲೆ ಮೇಣದ ಸ್ನಾನ. ನಾಲ್ಕು ಪಾಲು ಪ್ಯಾರಾಫಿನ್‌ಗೆ ಒಂದು ಪಾಲು ಜೇನುಮೇಣ, ನೀರಿನ ಪಾತ್ರೆಯೊಳಗಿನ ಪಾತ್ರೆಯಲ್ಲಿ, 65 ಡಿಗ್ರಿ ದಾಟದಂತೆ. ಗುಳ್ಳೆ ಬರುವುದು ನಿಂತರೆ ಸುರುಳಿಯೊಳಗೆ ಗಾಳಿ ಉಳಿದಿಲ್ಲ ಎಂದರ್ಥ. ನೇರ ಬೆಂಕಿಯ ಮೇಲೆ ಮೇಣ ಇಡುವುದು ಶೆಡ್ ಸುಡಲು ಹತ್ತಿರದ ದಾರಿ. ಟೆಲಿಕಾಸ್ಟರ್ ಬ್ರಿಜ್ ಪಿಕಪ್ಪಿನ ಅಡಿಯಲ್ಲಿ ತಾಮ್ರ ಲೇಪಿಸಿದ ಉಕ್ಕಿನ ತಗಡಿದೆ, ಅದರ ಸಂದಿಗೂ ಮೇಣ ಇಳಿಯಬೇಕು; ಇಲ್ಲದಿದ್ದರೆ ಸುರುಳಿ ಎಷ್ಟೇ ಚೆನ್ನಾಗಿದ್ದರೂ ತಗಡೇ ಕಿರುಚುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ ಈ ಊರಿನ ಹವೆ ಲೆಕ್ಕಕ್ಕೆ ಬರುತ್ತದೆ. ನೈಟ್ರೋಸೆಲ್ಯುಲೋಸ್ ಲ್ಯಾಕರಿನ ದ್ರಾವಕ ಬೇಗ ಹಾರುತ್ತ ಮೇಲ್ಮೈಯನ್ನು ತಣ್ಣಗಾಗಿಸುತ್ತದೆ. ಬೇಸಿಗೆಯ ಆರಂಭದಲ್ಲಿ ಕಡಲ ಕಡೆಯಿಂದ ಮಂಜುಮೋಡ ಬರುವ ಬೆಳಗುಗಳಲ್ಲಿ ಸಿಂಪಡಿಸಿದರೆ ಗಾಳಿಯ ತೇವ ಅದರೊಳಗೆ ಸಿಕ್ಕಿ ಬಿಳಿ ಪೊರೆ ಕಟ್ಟುತ್ತದೆ. ನಿಧಾನವಾಗಿ ಹಾರುವ ರಿಟಾರ್ಡರನ್ನು ತೆಳುವಾಗಿ ಸಿಂಪಡಿಸಿದರೆ ಪೊರೆ ಕರಗುತ್ತದೆ, ಮಧ್ಯಾಹ್ನದವರೆಗೆ ಕಾದರೆ ಅದೂ ಬೇಡ. ಶರತ್ಕಾಲದಲ್ಲಿ ಒಳನಾಡಿನಿಂದ ಬೀಸುವ ಸಾಂಟಾ ಆನಾ ಗಾಳಿಯದ್ದು ಉಲ್ಟಾ ಕಥೆ: ತೇವ ತಳ ಮುಟ್ಟಿ, ಮೇಪಲ್ ಅಗಲದಲ್ಲಿ ಕುಗ್ಗಿ, ಫ್ರೆಟ್ಟಿನ ತುದಿಗಳು ನೆಕ್ಕಿನ ಅಂಚಿನಿಂದ ಹೊರಚಾಚಿ ಅಂಗೈ ಗೀರುತ್ತವೆ. ಅದಕ್ಕೇ ಆ ತೇವಮಾಪಕ. ಒಳಗೆ ಶೇ 45ರಿಂದ 50 ಕಾಯ್ದುಕೊಳ್ಳುವುದು ಉಪಕರಣಕ್ಕಿಂತ ಮುಖ್ಯ. ಜತೆಗೆ ದಕ್ಷಿಣ ಕ್ಯಾಲಿಫೋರ್ನಿಯಾದ ವಾಯು ಗುಣಮಟ್ಟ ಮಂಡಳಿ ಇಂಥ ದ್ರಾವಕಗಳ ಮೇಲೆ ಬಿಗಿ ಮಿತಿ ಹಾಕಿದೆ. ಟೆಲಿಕಾಸ್ಟರ್ ಹುಟ್ಟಿದ ಜಿಲ್ಲೆಯಲ್ಲೇ ಅದರ ಹಳೆಯ ಬಣ್ಣ ಹಚ್ಚುವುದು ಕಷ್ಟ.

ಆಶ್‌ನ ರಂಧ್ರಗಳನ್ನು ಎರಡು ಸಲವಾದರೂ ತುಂಬಬೇಕು. ಆತುರಪಟ್ಟರೆ ತಿಂಗಳ ನಂತರ ಲ್ಯಾಕರ್ ಕುಗ್ಗಿ ರಂಧ್ರಗಳ ಗುರುತು ಮತ್ತೆ ಮೇಲೇಳುತ್ತದೆ. ದಿನಕ್ಕೆ ಮೂರು ತೆಳು ಲೇಪದಂತೆ ಹತ್ತರ ಆಸುಪಾಸು, ಆಮೇಲೆ ನಾಲ್ಕು ವಾರ ಸುಮ್ಮನೆ ನೇತುಹಾಕುವುದು. ಮೂಗಿಗೆ ಹಿಡಿದಾಗ ದ್ರಾವಕದ ವಾಸನೆ ಇನ್ನೂ ಇದ್ದರೆ ಉಪ್ಪುಕಾಗದ ಮುಟ್ಟಬಾರದು. ಕೆಲವರು ಹೊಸ ಬಣ್ಣವನ್ನು ತಣ್ಣಗಾಗಿಸಿ ಬಿರುಕು ಬಿಡಿಸಿ, ಅಂಚು ಸವೆಸಿ, ಗಿಟಾರಿಗೆ ಎಪ್ಪತ್ತು ವರ್ಷದ ವೇಷ ಹಾಕುತ್ತಾರೆ. ಬೆವರು ತಾಗದ ಜಾಗದಲ್ಲಿ ಸವೆತ ತೋರಿಸಿದಾಗ ವೇಷ ಕಳಚುತ್ತದೆ. ಸವೆಸದೆ ಬಿಡುವುದೇ ವಾಸಿ.

ಜೋಡಣೆ ಬೇಗ ಮುಗಿಯುತ್ತದೆ: 250 ಕಿಲೋ ಓಮಿನ ಎರಡು ಪೊಟೆನ್ಶಿಯೋಮೀಟರ್ (ಸದ್ದು, ನಾದ ತಿದ್ದುವ ತಿರುಗುಗುಬ್ಬಿ), ಮೂರು ಸ್ಥಾನದ ಸ್ವಿಚ್ಚು, ಬಟ್ಟೆ ಹೊದಿಕೆಯ ತಂತಿ. ಬ್ರಿಜ್‌ನ ತೂತುಗಳನ್ನು ಮಾತ್ರ ನೆಕ್ ಕೂರಿಸುವ ಮುಂಚೆ ಕೊರೆಯಬೇಡಿ. ಎರಡೂ ಅಂಚಿನ ತಂತಿಗಳ ಜಾಗದಲ್ಲಿ ದಾರ ಎಳೆದು, ಅವು ಬೆರಳಹಲಗೆಯ ಎರಡೂ ಅಂಚಿನಿಂದ ಸಮ ದೂರದಲ್ಲಿರುವುದನ್ನು ನೋಡಿ ಆಮೇಲೆ ಗುರುತು ಹಾಕಬೇಕು. ದಪ್ಪ ತಂತಿಯ ಸ್ಯಾಡಲ್ 3 ಮಿ.ಮೀ.ಯಷ್ಟು ಹಿಂದೆ ಸರಿಯಲು ಜಾಗವಿರಲಿ. ಆರು ತಂತಿಗೆ ಮೂರೇ ಹಿತ್ತಾಳೆ ಸ್ಯಾಡಲ್ ಇರುವುದರಿಂದ ಜೋಡಿ ಜೋಡಿಗೆ ಶ್ರುತಿಯಲ್ಲಿ ರಾಜಿ ಅನಿವಾರ್ಯ.

ಇಂಥ ಗಿಟಾರು ಕೊಂಡು ವಿಮಾನ ಹತ್ತುವವರಿಗೆ ಎರಡು ಮಾತು. ಬೆರಳಹಲಗೆ ಬ್ರೆಜಿಲ್ ರೋಸ್‌ವುಡ್‌ನದಾದರೆ ಗಡಿ ದಾಟಲು ಅನುಮತಿ ಪತ್ರ ಬೇಕು, 1992ರಿಂದ ಆ ಮರ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ಮೇಪಲ್ಲಿಗೆ ಆ ರಗಳೆಯಿಲ್ಲ. ನೆಕ್ ಬಿಚ್ಚಿ ಎರಡು ಭಾಗವಾಗಿ ಒಯ್ಯುವುದಾದರೆ ಹತ್ತಿಬಟ್ಟೆಯಲ್ಲಿ ಸುತ್ತಿ. ಮೆತುಪ್ಲಾಸ್ಟಿಕ್ ಮತ್ತು ರಬ್ಬರು ನೈಟ್ರೋ ಲ್ಯಾಕರನ್ನು ಮೆತ್ತಗಾಗಿಸಿ ಅಂಟಿಕೊಳ್ಳುತ್ತವೆ. ಮತ್ತೆ ಕೂರಿಸುವಾಗ ಪ್ರತಿ ಸ್ಕ್ರೂವನ್ನೂ ಮೊದಲು ಎಡಕ್ಕೆ ತಿರುಗಿಸಿ, ಹಳೆಯ ಎಳೆಗೆ 'ಟಕ್' ಎಂದು ಇಳಿದ ಮೇಲಷ್ಟೇ ಬಲಕ್ಕೆ ಬಿಗಿಯಿರಿ.