ಶೇಕಡಾ ಹದಿನೆಂಟು ಎಂದರೆ ಎಷ್ಟು ಹಸಿ?

ನಮ್ಮ ಹೊಲ ಇರುವುದು ಚಳ್ಳಕೆರೆ ತಾಲ್ಲೂಕಿನ ಕೆಂಪು ಮಣ್ಣಿನಲ್ಲಿ; ಅಕ್ಕನ ಮನೆಯವರದು ರೋಣ ತಾಲ್ಲೂಕಿನ ಎರೆ ಭೂಮಿ. 2023ರ ಬರದ ಮರುವರ್ಷ ಎರಡೂ ಕಡೆ ಹದಿನೈದು ಸೆಂಟಿಮೀಟರ್ ಆಳದಲ್ಲಿ ಮಣ್ಣಿನ ತೇವಾಂಶ ಅಳೆಯುವ ಸೆನ್ಸರ್‌ಗಳನ್ನು ಹೂಳಿ, ಅವುಗಳ ಅಂಕಿ ಮೊಬೈಲಿಗೆ ಬರುವಂತೆ ಮಾಡಿಕೊಂಡೆ. ಒಮ್ಮೆ ಎರಡೂ ಹೊಲಗಳಿಂದ ಒಂದೇ ಅಂಕಿ ಬಂತು: ಶೇ 18. ನಮ್ಮಲ್ಲಿ ಅದು ಮಳೆ ಬಿದ್ದ ಮರುದಿನದ ಹದ. ರೋಣದಲ್ಲಿ ಅದೇ ಅಂಕಿ ಮೇಲ್ಮಣ್ಣು ಬೇರಿಗೆ ನೀರು ಬಿಟ್ಟುಕೊಡುವುದನ್ನು ನಿಲ್ಲಿಸಿದೆ ಎಂಬುದರ ಸೂಚನೆ. ಜೇಡಿಯ ಸಣ್ಣ ಕಣಗಳು ನೀರನ್ನು ಎಷ್ಟು ಬಿಗಿಯಾಗಿ ಹಿಡಿದಿಡುತ್ತವೆಂದರೆ, ಎರೆ ಮಣ್ಣಿನಲ್ಲಿ ನೀರು ಇದ್ದರೂ ಗಿಡದ ಪಾಲಿಗೆ ಇಲ್ಲದಂತೆಯೇ.

ಈ ಸೆನ್ಸರ್ ನೀರನ್ನು ನೇರವಾಗಿ ಅಳೆಯುವುದೂ ಇಲ್ಲ. ಕಡ್ಡಿಗಳ ಸುತ್ತಲಿನ ಮಣ್ಣು ವಿದ್ಯುತ್ ಕ್ಷೇತ್ರಕ್ಕೆ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಮಾತ್ರ ನೋಡುತ್ತದೆ. ಆ ಗುಣದ ಅಳತೆ ನೀರಿಗೆ ಸುಮಾರು 80, ಒಣ ಮಣ್ಣಿಗೆ 3ರಿಂದ 5, ಗಾಳಿಗೆ 1. ಈ ಅಂತರದಿಂದಲೇ ತೇವಾಂಶವನ್ನು ಲೆಕ್ಕ ಹಾಕಲಾಗುತ್ತದೆ. ಆದ್ದರಿಂದ ಎರಡೂ ಹೊಲಗಳ ಮಣ್ಣನ್ನು ತಂದು ತೂಗಿ, 105 ಡಿಗ್ರಿಯಲ್ಲಿ ಒಂದು ಹಗಲು ಒಂದು ರಾತ್ರಿ ಒಣಗಿಸಿ, ಮತ್ತೆ ತೂಗಿ, ಸೆನ್ಸರಿನ ಅಂಕಿಯನ್ನು ತಿದ್ದಬೇಕಾಯಿತು.

ತಿದ್ದಿದ ಮೇಲೂ ರೋಣದ ಸೆನ್ಸರ್ ಡಿಸೆಂಬರಿನಲ್ಲಿ ಎರಡೇ ದಿನಗಳಲ್ಲಿ ಶೇ 9ಕ್ಕೆ ಕುಸಿಯಿತು. ಗಾಬರಿಯಿಂದ ಫೋನ್ ಮಾಡಿದರೆ ಭಾವ ನಕ್ಕರು: “ತಮ್ಮಾ, ಹಸಿ ಒಳಗ ಐತಿ, ನಿನ್ನ ಯಂತ್ರಕ್ಕ ಸಿಗವಲ್ದು ಅಷ್ಟ.” ಹೋಗಿ ಅಗೆದು ನೋಡಿದೆ. ಒಣಗಿದ ಎರೆ ಬಿರುಕು ಬಿಟ್ಟಿತ್ತು, ಆ ಬಿರುಕು ಸರಿಯಾಗಿ ಸೆನ್ಸರಿನ ಕಡ್ಡಿಗಳ ಪಕ್ಕದಲ್ಲೇ ಹಾದುಹೋಗಿತ್ತು. ಅದು ಅಳೆಯುತ್ತಿದ್ದುದು ಬಹುಮಟ್ಟಿಗೆ ಗಾಳಿಯನ್ನು. ಮೊಣಕೈ ಆಳಕ್ಕೆ ಅಗೆದಾಗ ಸಿಕ್ಕ ಹೆಂಟೆ ತಣ್ಣಗಿತ್ತು, ಅಂಗೈಗೆ ಅಂಟಿಕೊಂಡಿತು. ಹಿಂಗಾರಿ ಕಡಲೆ ಬದುಕುವುದು ಆ ಆಳದ ಹಸಿಯ ಮೇಲೆಯೇ.

ಮಳೆಯನ್ನು ಅಳೆಯುವುದರಲ್ಲಿ ನಮ್ಮ ರಾಜ್ಯ ಹಿಂದುಳಿದಿಲ್ಲ. 1988ರಲ್ಲಿ ಬರದ ಮೇಲೆ ಕಣ್ಣಿಡುವ ಸಣ್ಣ ಕೋಶವಾಗಿ ಆರಂಭವಾಗಿ, ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಸಂಸ್ಥೆಯು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ಇರಿಸಿದೆ. ಸೌರಶಕ್ತಿಯಿಂದ ನಡೆಯುವ ಅವು ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಅಂಕಿ ಕಳುಹಿಸುತ್ತವೆ. ಆದರೆ ಮಳೆಮಾಪಕ ಹೇಳುವುದು ಎಷ್ಟು ಬಿತ್ತು ಎಂಬುದನ್ನು, ಎಷ್ಟು ಉಳಿಯಿತು ಎಂಬುದನ್ನಲ್ಲ. ಕೇಂದ್ರ ಸರ್ಕಾರದ 2016ರ ಬರ ಕೈಪಿಡಿಯೂ ಮೊದಲು ಮಳೆಯ ಕೊರತೆ ಮತ್ತು ಸತತ ಒಣ ವಾರಗಳನ್ನು ನೋಡುತ್ತದೆ. ಬಿತ್ತನೆ ಪ್ರದೇಶ, ಉಪಗ್ರಹ ಕಂಡ ಹಸಿರು, ಜಲಾಶಯ ಹಾಗೂ ಅಂತರ್ಜಲದ ಸ್ಥಿತಿಯೊಂದಿಗೆ ಮಣ್ಣಿನ ತೇವಾಂಶ ಬರುವುದು ಎರಡನೆಯ ಹಂತದಲ್ಲಿ. ಆ ತೇವಾಂಶವೂ ಬಹುಪಾಲು ಮಳೆ ಮತ್ತು ಆವಿಯಾಗುವಿಕೆಯ ಲೆಕ್ಕದಿಂದ ಹುಟ್ಟಿದ್ದೇ ಹೊರತು ಮಣ್ಣಿನೊಳಗಿಂದ ಬಂದದ್ದಲ್ಲ. ಉಪಗ್ರಹಗಳ ವಿಷಯಕ್ಕೆ ಬಂದರೆ, 2015ರಲ್ಲಿ ಹಾರಿದ ನಾಸಾದ ಸ್ಮ್ಯಾಪ್ ಮೇಲಿನ ಐದು ಸೆಂಟಿಮೀಟರ್ ಮಣ್ಣನ್ನು ಮಾತ್ರ, ಅದೂ ಸುಮಾರು 36 ಕಿಲೋಮೀಟರ್ ಅಗಲದ ಚೌಕಗಳಲ್ಲಿ ಕಾಣುತ್ತದೆ.

2023ರ ಆಗಸ್ಟ್ 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್. ಶೇಂಗಾ ಹೂವಿನ ಬುಡದಿಂದ ಮೊಳೆಯಂಥ ಎಳೆ ಮಣ್ಣಿಗಿಳಿದು ಕಾಯಿ ಕಟ್ಟಬೇಕಾದ ಹೊತ್ತಿನಲ್ಲಿ ನೆಲ ಗಟ್ಟಿಯಾಗಿ ಕುಳಿತಿತ್ತು. ಸರ್ಕಾರ ಸೆಪ್ಟೆಂಬರಿನಲ್ಲಿ 195 ತಾಲ್ಲೂಕುಗಳನ್ನು, ಮುಂದೆ ಒಟ್ಟು 236ರ ಪೈಕಿ 223ನ್ನು ಬರಪೀಡಿತವೆಂದು ಘೋಷಿಸುವ ಹೊತ್ತಿಗೆ ನಮ್ಮ ಬೆಳೆ ಕೈಬಿಟ್ಟಾಗಿತ್ತು. ಸೆನ್ಸರಿನಿಂದ ನಾನು ಬಯಸುವುದು ಈ ನಡುವಿನ ದಿನಗಳ ಅಂದಾಜನ್ನು. ಶೇ 16ರಲ್ಲಿರುವ ನಮ್ಮ ಕೆಂಪು ಮಣ್ಣು ದಿನಕ್ಕೆ ಒಂದರಂತೆ ಒಣಗಿದರೆ, ಗಿಡ ಬಾಡುವ ಶೇ 7ನ್ನು ಮುಟ್ಟಲು ಒಂಬತ್ತು ದಿನ. ಒಣಗಿದಂತೆ ಇಳಿಕೆ ನಿಧಾನವಾಗುವುದರಿಂದ ಇನ್ನೆರಡು ಮೂರು ದಿನ ಸೇರಿಸಬಹುದು. ಇದಕ್ಕೆ ಹವಾಮಾನ ಇಲಾಖೆಯ ಮುಂದಿನ ವಾರಗಳ ಮುನ್ಸೂಚನೆಯನ್ನು ಜೋಡಿಸಿದರೆ, ಕೃಷಿಹೊಂಡದ ನೀರನ್ನು ಇಂದೇ ಹಾಯಿಸಬೇಕೋ ಕಾಯಬೇಕೋ ಎಂದು ನಿರ್ಧರಿಸಲು ಒಂದು ಆಧಾರ ಸಿಗುತ್ತದೆ. ಈ ಲೆಕ್ಕಕ್ಕೆ ಕೃತಕ ಬುದ್ಧಿಮತ್ತೆಯೇ ಬೇಕೆಂದು ನನಗೆ ಅನ್ನಿಸಿಲ್ಲ.

ಬೇಕಾಗಿರುವುದು ಉಸ್ತುವಾರಿ. ಒಂದು ರಾತ್ರಿ ಚೆನ್ನಾಗಿ ಮಳೆ ಸುರಿದರೂ ನನ್ನದೇ ಮಳೆಮಾಪಕ ಸೊನ್ನೆ ತೋರಿಸಿತು. ಬಿಚ್ಚಿ ನೋಡಿದರೆ, ತುಂಬಿದಾಗಲೆಲ್ಲ ಏತದ ಹಾಗೆ ಅತ್ತಿತ್ತ ವಾಲಬೇಕಾದ ಜೋಡಿ ಬಟ್ಟಲುಗಳನ್ನು ಜೇಡವೊಂದು ಬಲೆ ನೇಯ್ದು ಕಟ್ಟಿಹಾಕಿತ್ತು. ಆ ಸೊನ್ನೆಯನ್ನು ನಂಬಿದ ಯಾವ ಲೆಕ್ಕವೂ ಅಂದು ಇಲ್ಲದ ಬರವನ್ನು ತೋರಿಸುತ್ತಿತ್ತು.

ಈಗ ರೋಹಿಣಿ ಮಳೆಗೆ ಮೊದಲು ಮಳೆಮಾಪಕ ಬಿಚ್ಚಿ ತೊಳೆಯುತ್ತೇನೆ. ರೋಣದಲ್ಲಿ ನಲವತ್ತೈದು ಸೆಂಟಿಮೀಟರ್ ಆಳಕ್ಕೆ ಇನ್ನೊಂದು ಸೆನ್ಸರ್ ಇಳಿಸಿದ್ದೇವೆ. ಜಾಗ ತೋರಿಸಿದವರು ಭಾವನೇ, ಪ್ರತಿ ವರ್ಷ ಬಿರುಕು ಎಲ್ಲಿ ಬಾಯಿ ಬಿಡುತ್ತದೆ ಎಂಬುದು ಅವರಿಗೆ ಗೊತ್ತಿತ್ತು.