ಅಳಿವೆಗೆ ಮರಳಿದ ಉಬ್ಬರ

ಇವತ್ತು ಸಿಯಾಟಲ್‌ನಿಂದ ದಕ್ಷಿಣಕ್ಕೆ, ನಿಸ್ಕ್ವಾಲಿ ನದಿಯ ಅಳಿವೆಗೆ ಹೋಗಿದ್ದೆ. ಹಲಗೆ ದಾರಿಯ ಕೆಳಗೆ ಉಬ್ಬರದ ನೀರು ಮೆಲ್ಲಗೆ ಏರುತ್ತಿತ್ತು. ಸುಮ್ನೆ ನೋಡುತ್ತಾ ನಿಂತುಬಿಟ್ಟೆ.

ನೂರು ವರ್ಷ ಈ ನೀರಿಗೆ ಇಲ್ಲಿ ಪ್ರವೇಶವಿರಲಿಲ್ಲ. ಹೊಲಕ್ಕಾಗಿ ಒಡ್ಡು ಕಟ್ಟಿದ್ದರು. ಇಲ್ಲಿನ ಮೂಲನಿವಾಸಿಗಳಾದ ನಿಸ್ಕ್ವಾಲಿ ಜನ ಮೊದಲು ತಮ್ಮ ನೆಲದ ಒಡ್ಡು ತೆಗೆದರು. ಜನರ ಅಭಿಪ್ರಾಯ ಕೇಳಿ, 2009ರಲ್ಲಿ ಪಕ್ಕದ ಸರ್ಕಾರಿ ವನ್ಯಧಾಮದಲ್ಲೂ ಒಡ್ಡು ತೆಗೆದು 762 ಎಕರೆಗೆ ಕಡಲ ನೀರನ್ನು ಒಳಗೆ ಬಿಟ್ಟರು. ಒಡ್ಡಿನ ಮೇಲಿನ ವಾಕಿಂಗ್ ದಾರಿ ಹೋಯಿತೆಂದು ಬೇಜಾರಾದವರೂ ಇದ್ದರು. ಅದೂ ಸಹಜ, ಅಲ್ವಾ?

ಈಗ ಈ ವನ್ಯಧಾಮಕ್ಕೆ, ನಿಸ್ಕ್ವಾಲಿ ಜನರ ಮೀನು ಹಿಡಿಯುವ ಹಕ್ಕಿಗಾಗಿ ಹೋರಾಡಿದ ಬಿಲ್ಲಿ ಫ್ರಾಂಕ್ ಜೂನಿಯರ್ ಹೆಸರು. ಇದೇ ನದಿಯಲ್ಲಿ ಮೀನು ಹಿಡಿದಿದ್ದಕ್ಕೆ 14ನೇ ವಯಸ್ಸಿಗೇ ಅವರನ್ನು ಅರೆಸ್ಟ್ ಮಾಡಿದ್ದರು. ಆ ಬೋರ್ಡ್ ಓದುವಾಗ ಗಂಟಲು ಕಟ್ಟಿತು. ಅವರು ಯಾವುದಕ್ಕಾಗಿ ಹೋರಾಡಿದರೋ ಆ ಸಾಲ್ಮನ್ ಮೀನುಗಳ ಮರಿಗಳು ಇಲ್ಲೇ ತಿಂದು ಬಲಿತು ಕಡಲಿಗೆ ಹೋಗುತ್ತವೆ.